ಚುಕ್ಕೆಯ ಆಚೆಯ ಮೂರು ಅಂಕಿ

"ಡಬ್ಬಿ ಇಲ್ಲ ಕಣೇ," ಎಂದಳು ನಕ್ಷೆಯಮ್ಮ, ಫೋನನ್ನು ಬಾಯಿಯ ಹತ್ತಿರ ಹಿಡಿದು. "ಅಂಕಿ ಹೇಳಿದ ಜಾಗಕ್ಕೇ ಬಂದು ನಿಂತಿದ್ದೀನಿ. ಇಲ್ಲಿ ಒಂದು ಬೆಂಕಿಪೊಟ್ಟಣ ಬಚ್ಚಿಡೋಕೂ ಮರೆ ಇಲ್ಲ."

"ಹೊಸಬರಿಗೆ ಮೊದಲ ಸಲಕ್ಕೆ ಸಿಕ್ಕಿಬಿಟ್ರೆ ಅದು ಆಟಾನೇ ಅಲ್ಲ ಅಮ್ಮಾ. ನನ್ನ ಮೊದಲ ಡಬ್ಬಿಗೆ ನಾನು ಮೂರು ಭಾನುವಾರ ಅಲೆದಿದ್ದೆ. ಈಗ ಎಲ್ಲಿದ್ದೀರಿ?"

ನಕ್ಷೆಯಮ್ಮ ಕೆಳಗೆ ನೋಡಿದಳು. ಆಕೆಯ ಚಪ್ಪಲಿಯಿಂದ ನಾಲ್ಕು ಹೆಜ್ಜೆ ಮುಂದೆ ನೆಲ ಮುಗಿದಿತ್ತು. ಅದರ ಕೆಳಗೆ, ಎರಡು ಮಾಳಿಗೆಯ ಆಳದಲ್ಲಿ, ಒಡೆದ ಬಂಡೆಗಳೂ ಅವುಗಳ ನಡುವೆ ಅಲುಗದ ಹಸಿರು ನೀರೂ ಕಾಣುತ್ತಿದ್ದವು.

"ಕಲ್ಲುಗಣಿ ಅಂಚಲ್ಲಿ," ಎಂದಳು.

ಆ ಕಡೆ ಉಸಿರು ಒಳಗೆಳೆದ ಸದ್ದಾಯಿತು. "ಅಲ್ಲೇ ಕೂತ್ಕೊಳ್ಳಿ. ಒಂದು ಹೆಜ್ಜೆ ಅಲುಗಬೇಡಿ. ಬಂದೆ."

ಒಂಬತ್ತು ತಿಂಗಳ ಹಿಂದೆ ನಕ್ಷೆಯಮ್ಮನ ಒಬ್ಬಳೇ ಮಗಳು ಗುಬ್ಬಿಯ ದೇಹ ಇದೇ ಗಣಿಯ ತಳದಲ್ಲಿ ಸಿಕ್ಕಿತ್ತು. ಮಗಳು ಕೆಲವು ದಿನಗಳಿಂದ ಮಂಕಾಗಿದ್ದಳೆಂದು ತಂದೆ ಹೇಳಿಕೆ ಕೊಟ್ಟ ಮೇಲೆ, ತಾನಾಗಿಯೇ ಹಾರಿದ್ದಾಳೆಂದು ಬರೆದು ಪೊಲೀಸರು ಕಡತ ಮುಚ್ಚಿದ್ದರು.

ನಕ್ಷೆಯಮ್ಮ ಒಂದು ಕಲ್ಲಿನ ಮೇಲೆ ಕೂತಳು. ಕೈ ಮುಗಿಯಬೇಕೆನ್ನಿಸಿತು, ಮುಗಿಯಲಿಲ್ಲ. ಮಗಳು ಹೋದಂದಿನಿಂದ ಆಕೆಯ ಪ್ರಾರ್ಥನೆ ಅರ್ಧಕ್ಕೇ ನಿಂತುಹೋಗುತ್ತಿತ್ತು. ಜಾರಿ ಬಿದ್ದ ಮಗುವಿಗಾಗಿ ದೇವರಲ್ಲಿ ಹೇಗೆ ಬೇಡಬೇಕೆಂಬುದು ಆಕೆಗೆ ಗೊತ್ತಿತ್ತು. ಬದುಕು ಬೇಡವೆಂದು ಹಾರಿದ ಮಗುವಿಗಾಗಿ ಏನೆಂದು ಬೇಡುವುದು? ಬದುಕು ಬೇಡವೆನ್ನಿಸಿದ್ದು ಪಕ್ಕದ ಕೋಣೆಯಲ್ಲಿ ಮಲಗುತ್ತಿದ್ದ ತಾಯಿಗೆ ತಿಳಿಯಲಿಲ್ಲವೆಂದು ಹೇಳಿ ಕ್ಷಮೆ ಕೇಳುವುದು ಯಾರಲ್ಲಿ?

ಅದೊಂದು ತಿಳಿದರೆ ಸಾಕಾಗಿತ್ತು. ಹಾರಿದಳೋ, ಇಲ್ಲವೋ.

ಇಪ್ಪತ್ತು ನಿಮಿಷದಲ್ಲಿ ಅಳಿಲು ಓಡಿ ಬಂದಳು. ಅಳಿಲು ಎಂಬುದು, ಯಾರೋ ಬಚ್ಚಿಟ್ಟ ಡಬ್ಬಿಯನ್ನು ಅಂಕಿಗಳ ಗುರುತು ಹಿಡಿದು ಹುಡುಕುವ ಆಟದಲ್ಲಿ ಅವಳು ಇಟ್ಟುಕೊಂಡ ಹೆಸರು. ಹೊಟ್ಟೆಪಾಡಿಗೆ ಅವಳದು ಔಷಧಿ ಅಂಗಡಿ. ಬಿಳಿ ಕೋಟು ಬಿಚ್ಚಿರಲಿಲ್ಲ, ಜೇಬಿನಲ್ಲಿ ಯಾರದೋ ಮಾತ್ರೆ ಚೀಟಿ ಇನ್ನೂ ಇಣುಕುತ್ತಿತ್ತು. ಗುಬ್ಬಿಯೂ ಅವಳೂ ಐದು ವರ್ಷ ಜೊತೆಯಾಗಿ ಡಬ್ಬಿ ಹುಡುಕಿದವರು.

"ಇಲ್ಲಿಗ್ಯಾಕೆ ಬಂದ್ರಿ? ಅದೂ ಒಬ್ಬರೇ?" ಎಂದು ಅವಳು ಗದರಿದಳು. "ನಾನು ನಿಮಗೆ ಹೇಳಿಕೊಟ್ಟಿದ್ದೇನು? ಹೊಸಬರು ಒಬ್ಬರೇ ಹೋಗಬಾರದು, ಹೋಗೋ ಜಾಗ ಮನೇಲಿ ಹೇಳಿ ಹೋಗಬೇಕು, ಕತ್ತಲಾಗೋದರೊಳಗೆ ತಿರುಗಿ ಬರಬೇಕು. ಮೊದಲನೇ ಪಾಠದಲ್ಲೇ ಫೇಲಾದ್ರಲ್ಲ!"

"ಮನೇಲಿ ಹೇಳಿದ್ರೆ ಅವರು ಬಿಡ್ತಿರಲಿಲ್ಲ. ಸತ್ತವಳನ್ನ ಡಬ್ಬೀಲಿ ಹುಡುಕ್ತೀಯಾ ಅಂತಾರೆ," ಎಂದಳು ನಕ್ಷೆಯಮ್ಮ. ಅವರು ಎಂದರೆ ಆಕೆಯ ಯಜಮಾನರು, ನಿವೃತ್ತ ಬ್ಯಾಂಕ್ ಗುಮಾಸ್ತರು. "ನಾನು ಸುಮ್ಮನೆ ಬರಲಿಲ್ಲ ಕಣೇ. ಗುಬ್ಬಿ ಚೀಟಿ ನನ್ನನ್ನ ಇಲ್ಲಿಗೇ ಕರ್ಕೊಂಡು ಬಂತು."

ಹೋದ ವಾರ ಪೊಲೀಸರು ಮಗಳ ವಸ್ತುಗಳನ್ನು ಹಿಂತಿರುಗಿಸಿದ್ದರು. ಅವಳ ಕನ್ನಡಕದ ಪೆಟ್ಟಿಗೆಯಲ್ಲಿ, ಒರೆಸುವ ಬಟ್ಟೆಯ ಕೆಳಗೆ, ಈ ಚೀಟಿ ಮಡಿಸಿ ಇಟ್ಟಿತ್ತು. ಎರಡೇ ಸಾಲು, ಎರಡರಲ್ಲೂ ಅಂಕಿಗಳು. ಹೊಸ ಡಬ್ಬಿ ಇಡುವವರು ಅದರ ಜಾಗವನ್ನು ಹೀಗೆ ಅಕ್ಷಾಂಶ ರೇಖಾಂಶದಲ್ಲಿ ಗುರುತು ಹಾಕುತ್ತಾರೆಂದು ಹೇಳಿಕೊಟ್ಟವಳು ಅಳಿಲೇ.

"ನೀವು ಫೋನಿಗೆ ಅಂಕಿ ಹಾಕಿದ್ರಾ?"

"ಫೋನ್ ಯಾಕೆ? ಮೂವತ್ತೊಂದು ವರ್ಷ ನಕ್ಷೆ ಕಚೇರೀಲಿ ಕೂತು ಬರೆದವಳು ನಾನು." ನಕ್ಷೆಯಮ್ಮ ಚೀಲದಿಂದ ಹಳೆಯ ನಕ್ಷೆಯ ಹಾಳೆಯನ್ನು ತೆಗೆದು ಮಂಡಿಯ ಮೇಲೆ ಬಿಡಿಸಿದಳು. ಗಣಿಯ ಅಂಚಿನ ಮೇಲೆ ಸೂಜಿಮೊನೆಯಷ್ಟು ಸಣ್ಣ ಪೆನ್ಸಿಲ್ ಗುರುತಿತ್ತು. "ಇಪ್ಪತ್ತನಾಲ್ಕು ನಿಮಿಷ, ಐವತ್ತೆಂಟು ಪಾಯಿಂಟ್ ಮೂರು ಸೆಕೆಂಡು. ಇಲ್ಲಿ ನೋಡು."

ಅಳಿಲು ಚೀಟಿಯನ್ನು ನೋಡಿದಳು. ನಕ್ಷೆಯನ್ನು ನೋಡಿದಳು. ಮತ್ತೆ ಚೀಟಿಯನ್ನು ನೋಡಿದಳು.

"ಅಮ್ಮಾ, ಇದರಲ್ಲಿ ಸೆಕೆಂಡೇ ಇಲ್ಲ."

"ಇಲ್ಲದೇ ಏನು? ಇಪ್ಪತ್ತನಾಲ್ಕು, ಚುಕ್ಕೆ, ಐನೂರ ಎಂಬತ್ತಮೂರು."

"ಅದು ಇಪ್ಪತ್ತನಾಲ್ಕೂವರೆ ನಿಮಿಷಕ್ಕಿಂತ ಒಂಚೂರು ಜಾಸ್ತಿ, ಅಷ್ಟೆ. ಒಂದು ನಿಮಿಷದಲ್ಲಿ ಸಾವಿರ ಪಾಲು ಮಾಡಿ ಐನೂರ ಎಂಬತ್ತಮೂರು ಪಾಲು. ನಮ್ಮ ಆಟದಲ್ಲಿ ಎಲ್ಲಾ ಕಡೆ ಹೀಗೇ ಬರೆಯೋದು. ಸೆಕೆಂಡು ಅಂತ ಓದಿದ್ರೆ ದಾರಿ ತಪ್ಪುತ್ತೆ."

ಅವಳು ಅಂಕಿಗಳನ್ನು ಇದ್ದಂತೆಯೇ ಫೋನಿಗೆ ಹಾಕಿದಳು. ಪರದೆಯ ಮೇಲಿನ ಬಾಣ ಅರ್ಧ ಸುತ್ತು ತಿರುಗಿ, ಗಣಿಗೆ ಬೆನ್ನು ಮಾಡಿ ನಿಂತಿತು.

"ಏಳುನೂರ ಅರವತ್ತು ಮೀಟರ್ ಹಿಂದಕ್ಕೆ. ಹಳೇ ನೀರಿನ ಟ್ಯಾಂಕ್ ಹತ್ತಿರ. ಡಬ್ಬಿ ಅಲ್ಲಿರಬೇಕು." ಅಳಿಲು ತಲೆ ಅಲ್ಲಾಡಿಸಿದಳು. "ನಾನು ಎಷ್ಟು ಜನ ಹೊಸಬರನ್ನ ನೋಡಿದ್ದೀನಿ, ಈ ತಪ್ಪು ಯಾರೂ ಮಾಡಿಲ್ಲ ಬಿಡಿ. ಚುಕ್ಕೆ ಒಂದೇ ಇರುವಾಗ ಅದರಲ್ಲಿ ಸೆಕೆಂಡು ಹೇಗೆ ಕಂಡಿತು ನಿಮಗೆ?"

ನಕ್ಷೆಯಮ್ಮ ಎದ್ದು ನಡೆಯತೊಡಗಿದಳು. ಉತ್ತರ ಆಕೆಗೆ ಗೊತ್ತಿತ್ತು. ಅದು ನಕ್ಷೆ ಕಚೇರಿಯ ಮೂರನೆಯ ಕೋಣೆಯ ರೂಢಿ. ಅಲ್ಲಿನ ಹಿರಿಯರು ನಿಮಿಷದ ಮುಂದೆ ಒಂದೇ ಚುಕ್ಕೆ ಇಡಿಸುತ್ತಿದ್ದರು; ಅದರ ಮುಂದಿನ ಎರಡು ಅಂಕಿ ಸೆಕೆಂಡು, ಮೂರನೆಯದು ಸೆಕೆಂಡಿನ ಹತ್ತನೆಯ ಪಾಲು. ಎರಡನೆಯ ಚುಕ್ಕೆಗೆ ಮಸಿ ಹಾಳು ಮಾಡಬೇಡಿರೆಂದು ಅವರು ಹೇಳುತ್ತಿದ್ದರು. ಬೇರೆ ಯಾವ ಕೋಣೆಯಲ್ಲೂ, ಬೇರೆ ಯಾವ ಕಚೇರಿಯಲ್ಲೂ ಹಾಗೆ ಬರೆಯುತ್ತಿರಲಿಲ್ಲ.

ಟ್ಯಾಂಕಿನ ಕಬ್ಬಿಣದ ಏಣಿಯ ಬುಡದಲ್ಲಿ ಸಡಿಲವಾದ ಮೂರು ಇಟ್ಟಿಗೆಗಳಿದ್ದವು. ಅಳಿಲು ದೂರವೇ ನಿಂತಳು. "ನೀವೇ ತೆಗೀರಿ. ಆದರೆ ಯಾವ ಇಟ್ಟಿಗೆ ಯಾವ ಕಡೆ ಮುಖ ಮಾಡಿತ್ತು ಅಂತ ನೆನಪಿಟ್ಕೊಳ್ಳಿ. ಸಿಕ್ಕಿದ ಹಾಗೇ ಮತ್ತೆ ಇಡಬೇಕು. ಯಾರಾದ್ರೂ ಬಂದ್ರೆ ಚಪ್ಪಲಿ ಸರಿ ಮಾಡ್ಕೊಳ್ಳೋ ಹಾಗೆ ನಾಟಕ ಆಡಿ."

ಎರಡನೆಯ ಇಟ್ಟಿಗೆಯ ಹಿಂದೆ ಡಬ್ಬಿ ಇತ್ತು. ಅಂಗೈಯಷ್ಟು ಅಗಲ, ನಾಲ್ಕು ಕಡೆ ಬಿಗಿಯುವ ಮುಚ್ಚಳ. ಒಂಬತ್ತು ತಿಂಗಳ ಗಾಳಿ ಮಳೆಗೂ ಒಳಗೆ ಒಂದು ಹನಿ ಹೋಗಿರಲಿಲ್ಲ.

ಒಳಗೆ, ಹುಡುಕಿ ಬಂದವರು ಹೆಸರು ಬರೆಯುವ ಕಾಗದ, ಸುರುಳಿ ಸುತ್ತಿ. ಅದರಲ್ಲಿ ಒಂದೇ ಕೈಬರಹ. ನಕ್ಷೆಯಮ್ಮ ಗಟ್ಟಿಯಾಗಿ ಓದಲು ಹೊರಟಳು, ಎರಡನೆಯ ಸಾಲಿಗೆ ಕಾಗದವನ್ನು ಅಳಿಲಿನ ಕೈಗಿತ್ತಳು. ಉಳಿದದ್ದನ್ನು ಅಳಿಲು ಓದಿದಳು.

"ಇಟ್ಟವಳು ಗುಬ್ಬಿ. ಮಧ್ಯಾಹ್ನ ಮೂರು ಗಂಟೆ. ಕಾಗದ ಒದ್ದೆಯಾದರೆ ಅಥವಾ ತುಂಬಿದರೆ ತಿಳಿಸಿ, ಬಂದು ಬದಲಿಸುತ್ತೇನೆ. ಎರಡು ತಿಂಗಳಿಗೊಮ್ಮೆ ಹೇಗೂ ಬರುತ್ತಿರುತ್ತೇನೆ."

ತಾರೀಕು ಗುಬ್ಬಿ ತೀರಿಕೊಂಡ ದಿನದ್ದು.

"ಡಬ್ಬಿ ಇಟ್ಟವರೇ ಅದನ್ನ ನೋಡ್ಕೋಬೇಕು," ಎಂದಳು ಅಳಿಲು ಮೆಲ್ಲಗೆ. "ಅದು ನಮ್ಮಲ್ಲಿ ಕಟ್ಟುನಿಟ್ಟು. ಊರು ಬಿಡೋರು ಹೊಸ ಡಬ್ಬಿ ಇಡಲ್ಲ ಅಮ್ಮಾ. ಅವತ್ತೇ ಸಾಯ್ಬೇಕು ಅಂತಿರೋಳು..."

ಅವಳು ಕಾಗದವನ್ನು ನಕ್ಷೆಯಮ್ಮನ ಕೈಗೆ ವಾಪಸು ಕೊಟ್ಟಳು.

ಡಬ್ಬಿಯಲ್ಲಿ ಇನ್ನೊಂದು ವಸ್ತುವಿತ್ತು: ಬಟ್ಟೆಯಲ್ಲಿ ಸುತ್ತಿದ ದುಂಡನೆಯ ಗಾಜು, ಸುತ್ತಲೂ ಹಿತ್ತಾಳೆಯ ಬಳೆ. ಗುಬ್ಬಿ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸದವಳು. ಅಂಚನ್ನು ಅವಳು ತಿಕ್ಕಿದಷ್ಟು ನುಣುಪಾಗಿ ಆ ಅಂಗಡಿಯಲ್ಲಿ ಬೇರೆ ಯಾರೂ ತಿಕ್ಕುತ್ತಿರಲಿಲ್ಲ. ನಕ್ಷೆಯಮ್ಮ ಅದನ್ನು ಕಣ್ಣಿಗೆ ಹಿಡಿದಳು. ಟ್ಯಾಂಕು ಏಣಿ ಎಲ್ಲ ಕಲಸಿಹೋದವು.

"ನನ್ನ ಕಣ್ಣಿಗಲ್ಲ ಇದು."

"ಮೊದಲು ಹುಡುಕಿದವರಿಗೆ ಅಂತ ಇಟ್ಟಿರ್ತಾಳೆ. ತಗೊಳ್ಳಿ. ಆದರೆ ತಗೊಂಡ್ರೆ, ಅಷ್ಟೇ ಬೆಲೆಯದ್ದು ಏನಾದ್ರೂ ಬಿಟ್ಟು ಹೋಗಬೇಕು."

ಅಷ್ಟೇ ಬೆಲೆಯದ್ದು! ನಕ್ಷೆಯಮ್ಮ ಚೀಲವನ್ನೆಲ್ಲ ತಡಕಿದಳು. ಕೊನೆಗೆ ದೇವರ ನಾಮ ಬರೆದಿಡುವ ಸಣ್ಣ ಪುಸ್ತಕವನ್ನು ಗಾಜಿನ ಜಾಗದಲ್ಲಿಟ್ಟು ಮುಚ್ಚಳ ಬಿಗಿದಳು. ಕಾಗದದಲ್ಲಿ ಮಗಳ ಸಾಲಿನ ಕೆಳಗೆ, ಆಟದ ಹೆಸರು ಬರೆಯುವ ಜಾಗದಲ್ಲಿ, "ಅಮ್ಮ" ಎಂದು ಬರೆದಿದ್ದಳು.

ಹಿಂತಿರುಗುವಾಗ ಅಳಿಲು ಕೇಳಿದಳು. "ನನಗೆ ಒಂದು ಅರ್ಥ ಆಗ್ತಿಲ್ಲ. ಡಬ್ಬಿ ಇಲ್ಲಿದೆ. ಇಟ್ಟವಳು ಅವಳೇ. ಮತ್ತೆ ಗಣಿಗೆ ಯಾಕೆ ಹೋದ್ಲು?"

"ಅವಳು ತಪ್ಪಲಿಲ್ಲ," ಎಂದಳು ನಕ್ಷೆಯಮ್ಮ. "ತಪ್ಪಿದವರನ್ನ ಹುಡುಕ್ಕೊಂಡು ಹೋದ್ಲು. ಈ ಅಂಕಿ ಇನ್ನೊಬ್ಬರಿಗೂ ಕೊಟ್ಟಿದ್ಲು. ಇಲ್ಲೇ ಎಲ್ಲೋ ಮರೇಲಿ ಕೂತು ಕಾದಿರ್ತಾಳೆ. ಅವರು ಬರಲಿಲ್ಲ. ಎಲ್ಲಿಗೆ ಹೋಗಿರ್ತಾರೆ ಅಂತ ಅವಳಿಗೆ ಹೊಳೀತು."

"ಯಾರಿಗೆ ಕೊಟ್ಟಿದ್ಲು?"

ನಕ್ಷೆಯಮ್ಮ ಹೆಜ್ಜೆ ಚುರುಕು ಮಾಡಿದಳು. ಮೂರನೆಯ ಕೋಣೆಯಲ್ಲಿ ಐದು ಮೇಜುಗಳಿದ್ದವು. ಮೂವರು ತೀರಿಕೊಂಡಿದ್ದರು. ನಾಲ್ಕನೆಯ ಮೇಜು ತನ್ನದು. ಐದನೆಯ ಮೇಜಿನವನಿಗೆ ಆ ಕೆಲಸ ಕೊಡಿಸಿ, ಚುಕ್ಕೆ ಇಡುವುದನ್ನು ಕೈ ಹಿಡಿದು ಕಲಿಸಿದವಳೂ ತಾನೇ.

* * *

ಆ ಐದನೆಯ ಮೇಜಿನವನು, ನಕ್ಷೆಯಮ್ಮನ ತಮ್ಮ, ನಿವೃತ್ತನಾದ ಮೇಲೆ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟಿದ್ದ. ಅರವತ್ತೊಂದು ವರ್ಷದ ಆ ದಡೂತಿ ಮನುಷ್ಯನನ್ನು ಅಕ್ಕ ಈಗಲೂ ಪುಟ್ಟ ಎಂದೇ ಕರೆಯುತ್ತಿದ್ದಳು.

ಮಧ್ಯಾಹ್ನದ ಹೊತ್ತು. ಪುಟ್ಟ ಗಾಜಿನ ಮೇಲೆ ಅಳತೆಪಟ್ಟಿ ಒತ್ತಿ ಹಿಡಿದು ವಜ್ರದ ಮೊನೆಯಿಂದ ಗೆರೆ ಎಳೆಯುತ್ತಿದ್ದ. ಅಕ್ಕನನ್ನು ಕಂಡು ನಕ್ಕ.

"ಬಾ ಅಕ್ಕಾ. ಏನು ಕಾಲೆಲ್ಲಾ ಧೂಳು? ನಡ್ಕೊಂಡೇ ಬಂದ್ಯಾ? ಈ ವಯಸ್ಸಲ್ಲಿ ಓಟದ ಸ್ಪರ್ಧೆಗೇನಾದ್ರೂ ಸೇರಿದ್ದೀಯಾ?"

"ನಿನ್ನ ಹೊಟ್ಟೆ ನೋಡಿದ್ರೆ ಸ್ಪರ್ಧೆಗೆ ನೀನು ಸೇರಬೇಕು. ಗುಬ್ಬಿ ಫೋಟೋ ಆಯ್ತಾ?"

ನಗು ಹಿಂದಕ್ಕೆ ಸರಿಯಿತು. "ಆ ಅಳತೆ ಮರ ಬಂದಿಲ್ಲ ಅಕ್ಕಾ."

"ಒಂಬತ್ತು ತಿಂಗಳಿಂದ ಬಂದಿಲ್ಲ."

ಅವನು ಗೆರೆಯ ಎರಡೂ ಬದಿ ಬೆರಳೊತ್ತಿ ಗಾಜನ್ನು ಮುರಿದ. ಅದು ಗೆರೆ ಬಿಟ್ಟು ಓರೆಯಾಗಿ ಸೀಳಿತು. ಮೂವತ್ತು ವರ್ಷ ಅಲುಗದೆ ರೇಖೆ ಎಳೆದ ಕೈ ಅದು. ನಕ್ಷೆಯಮ್ಮ ಅದನ್ನು ನೋಡಿದಳು. ಚೀಲದಿಂದ ಹಿತ್ತಾಳೆ ಬಳೆಯ ಗಾಜನ್ನು ತೆಗೆದು ಮೇಜಿನ ಮೇಲಿಟ್ಟಳು.

"ಇದು ಒಂಚೂರು ಮಸುಕಾಗಿದೆ. ನೀನು ಗಾಜಿನವನಲ್ವಾ, ನೋಡು."

ಪುಟ್ಟ ಅದನ್ನು ಎತ್ತಿಕೊಂಡ. ಅಂಚಿನ ಮೇಲೆ ಹೆಬ್ಬೆರಳು ಆಡಿಸಿದ. ಬೆಳಕಿನ ಕಡೆ ತಿರುಗಿ ಎಡಗಣ್ಣಿಗೆ ಹಿಡಿದ.

ಹಿಡಿದು, ಹಾಗೆಯೇ ನಿಂತುಬಿಟ್ಟ.

"ಪುಟ್ಟಾ," ಎಂದಳು ಅಕ್ಕ. "ಚಿಕ್ಕಂದಿನಿಂದ ನಿನ್ನ ಎಡಗಣ್ಣಿಗೆ ಮಂಜು. ಸೂಜಿ ಪೋಣಿಸೋಕೂ ಬಲಗಣ್ಣೇ, ದೂರದ ಬೋರ್ಡ್ ಓದೋಕೂ ಬಲಗಣ್ಣೇ. ಯಾವ ಗಾಜು ಕೊಟ್ಟರೂ ನೀನು ಬಲಗಣ್ಣಿಗೇ ಹಿಡೀಬೇಕಿತ್ತು. ಇದು ಎಡಗಣ್ಣಿಗೆ ಅಂತ ನಿನಗೆ ಯಾರು ಹೇಳಿದ್ರು?"

ಅವನು ಗಾಜನ್ನು ಕಣ್ಣಿನಿಂದ ತೆಗೆಯಲಿಲ್ಲ. ಅದರ ಕೆಳಗಿನಿಂದ ನೀರು ಇಳಿಯಿತು.

"ಕಾಣ್ತಿದೆ ಅಕ್ಕಾ," ಎಂದ. "ಎದುರು ಗೋಡೆ ಕ್ಯಾಲೆಂಡರ್ ಕಾಣ್ತಿದೆ."

ನಕ್ಷೆಯಮ್ಮ ಹೋಗಿ ಅಂಗಡಿಯ ಬಾಗಿಲನ್ನು ಮುಂದೆ ಮಾಡಿ ಬಂದಳು. "ಕೂತ್ಕೋ. ಮೊದಲಿಂದ ಹೇಳು."

"ಅವಳೇ ಕಣ್ಣಿನ ಅಳತೆ ತಗೊಂಡಿದ್ಲು. 'ಮಾವಾ, ಗಾಜು ಸುಮ್ಮನೆ ಕೊಡಲ್ಲ, ನನ್ನ ಆಟ ಆಡಿ ಹುಡುಕ್ಕೊಳ್ಳಿ' ಅಂದ್ಲು. ಒಂದು ಚೀಟಿ ಕೊಟ್ಲು. ನನಗೆ ಅದೇನು ಕಷ್ಟ? ನಕ್ಷೆ ಬಿಡಿಸಿದೆ, ಗುರುತು ಹಾಕ್ದೆ, ಹೋದೆ."

"ಸೆಕೆಂಡು ಅಂತ ಓದಿದೆ."

"ಬೇರೆ ಹೇಗೆ ಓದಲಿ?"

"ನಾನೂ ಹಾಗೇ ಓದಿದೆ. ಆಮೇಲೆ?"

"ಅಲ್ಲಿ ಡಬ್ಬಿ ಇಲ್ಲ. ಬಂಡೆ ಸಂದಿಯಲ್ಲಿ ಇಟ್ಟಿದ್ದಾಳೆ ಅನ್ಕೊಂಡು ಅಂಚಿನಿಂದ ಒಂದಾಳು ಕೆಳಗೆ ಇಳಿದೆ. ಹತ್ತೋಕಾಗಲಿಲ್ಲ. ಕೂಗ್ತಾ ನಿಂತಿದ್ದೆ. ಸ್ವಲ್ಪ ಹೊತ್ತಿಗೆ ಮೇಲಿಂದ ನಗು ಕೇಳಿಸ್ತು. 'ಮಾವಾ, ನೀವು ಇಲ್ಲೇ ಇರ್ತೀರಿ ಅಂತ ಗೊತ್ತಿತ್ತು, ನಿಮ್ಮ ಮೂರನೇ ಕೋಣೆ ನಿಮ್ಮನ್ನ ಬಿಡಲ್ಲ' ಅಂದ್ಲು."

ಪುಟ್ಟ ಮುರಿದ ಗಾಜಿನ ಚೂರುಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದ.

"ಕೈ ಕೊಟ್ಲು ಅಕ್ಕಾ. ನಾನು ಬೇಡ, ಯಾರನ್ನಾದ್ರೂ ಕರಿ ಅಂದೆ. ಕೇಳಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಎಳೆದ್ಲು. ನನ್ನ ಈ ಮೈ ಮೇಲಕ್ಕೆ ಬಂತು. ಅವಳು ನಿಂತಿದ್ದ ಅಂಚು ಕೆಳಗೆ ಹೋಯ್ತು."

ಹೊರಗೆ ಯಾರೋ ಬಾಗಿಲು ತಟ್ಟಿ, ಉತ್ತರ ಬಾರದೆ ಹೊರಟುಹೋದರು.

ನಕ್ಷೆಯಮ್ಮ ಕಣ್ಣು ಮುಚ್ಚಿದಳು. ಅಳು ಬರಲಿಲ್ಲ. ಒಂಬತ್ತು ತಿಂಗಳಿಂದ ಎದೆಯ ಮೇಲಿದ್ದ ಕಲ್ಲೊಂದು ಪಕ್ಕಕ್ಕೆ ಸರಿದಂತೆ ಆಯಿತು. ಹಾರಲಿಲ್ಲ. ನನ್ನ ಮಗು ಹಾರಲಿಲ್ಲ. ನಗುತ್ತಾ ಬಂದಳು, ಕೈ ಕೊಟ್ಟಳು, ಹೋದಳು. ಅರ್ಧಕ್ಕೆ ನಿಲ್ಲುತ್ತಿದ್ದ ಪ್ರಾರ್ಥನೆ ಒಳಗೊಳಗೇ ತಾನಾಗಿ ಮುಂದಕ್ಕೆ ನಡೆಯಿತು, ಕೊನೆಯ ಮಾತಿನವರೆಗೆ.

ಆಮೇಲೆ ಕಣ್ಣು ತೆರೆದಳು.

"ಇದನ್ನ ನನಗೆ ಯಾಕೆ ಹೇಳಲಿಲ್ಲ? ನಾನು ನಿನ್ನನ್ನ ಬೈತೀನಿ ಅಂತಲಾ? ಒಂಬತ್ತು ತಿಂಗಳು, ಪುಟ್ಟಾ! ಅವಳು ನನ್ನ ಮೇಲೆ ಬೇಜಾರಾಗಿ ಸತ್ತಳು ಅನ್ಕೊಂಡು ದಿನಾ ಸತ್ತೆನಲ್ಲೋ ನಾನು!"

"ಹೇಳಿದ್ದೆ ಅಕ್ಕಾ," ಎಂದ ಪುಟ್ಟ. "ಅವತ್ತೇ, ಆ ಕ್ಷಣವೇ. ಯಾರಿಗೆ ಫೋನ್ ಮಾಡಬೇಕು ತಿಳೀಲಿಲ್ಲ. ಬೆರಳು ನಿನ್ನ ನಂಬರಿಗೇ ಹೋಯ್ತು."

"ನನ್ನ ನಂಬರಿಗಾ? ನನಗೆ ಯಾವ ಫೋನೂ ಬರಲಿಲ್ಲ."

ಅವನು ಜೇಬಿನಿಂದ ಫೋನ್ ತೆಗೆದು, ತುಂಬ ಹೊತ್ತು ಕೆಳಗೆ ಕೆಳಗೆ ಸರಿಸಿ, ಅವಳ ಮುಂದೆ ಹಿಡಿದ. ಆ ದಿನದ ತಾರೀಕು. ಸಂಜೆ ಐದು ಗಂಟೆ ನಾಲ್ಕು ನಿಮಿಷ. 'ಅಕ್ಕ' ಎಂಬ ಹೆಸರು. ಮಾತಾಡಿದ್ದು ಎರಡು ನಿಮಿಷ ಹನ್ನೊಂದು ಸೆಕೆಂಡು.

ಸಂಜೆ ಐದಕ್ಕೆ ನಕ್ಷೆಯಮ್ಮ ಪ್ರಾರ್ಥನಾ ಮಂದಿರದಲ್ಲಿರುತ್ತಾಳೆ. ದೇವರ ಮುಂದೆ ಅದು ಕಿರುಚಬಾರದೆಂದು ಫೋನನ್ನು ಮನೆಯಲ್ಲೇ ಬಿಟ್ಟು ಹೋಗುತ್ತಾಳೆ.

"ಯಾರು ಎತ್ತಿದ್ರು?" ಎಂದು ಕೇಳಿದಳು. ಕೇಳುವ ಮೊದಲೇ ಮನೆಯಲ್ಲಿ ಇದ್ದವರು ಒಬ್ಬರೇ ಎಂಬುದು ಆಕೆಗೆ ಗೊತ್ತಿತ್ತು.

"ಭಾವ."

"ಏನಂದ್ರು?"

"'ಅಲ್ಲೇ ಇರು, ಬಂದೆ' ಅಂದ್ರು. ನಾನು ಲಾರಿ ಇಳಿಯೋ ಹಳೇ ದಾರಿಯಿಂದ ಕೆಳಗೆ ಹೋಗಿ ಅವಳ ತಲೆ ತೊಡೆ ಮೇಲಿಟ್ಕೊಂಡು ಕೂತಿದ್ದೆ. ಅರ್ಧ ಗಂಟೇಲಿ ಬಂದ್ರು. ಬಂದು ನನಗೆ ಆಣೆ ಹಾಕಿದ್ರು, ನಿನ್ನ ಮೇಲೆ. ಇದು ನಿನಗೆ ಗೊತ್ತಾದ್ರೆ ನೀನು ಉಳಿಯಲ್ಲ, ಎಂದಿಗೂ ಬಾಯಿ ಬಿಡಬೇಡ ಅಂದ್ರು."

"ಪುಟ್ಟಾ, ನನ್ನ ಮುಖ ನೋಡಿ ಹೇಳು. ಅವರು ಬಂದಾಗ ಗುಬ್ಬಿಗೆ ಉಸಿರಿತ್ತಾ?"

"ಮಾತೇ ಇತ್ತು ಅಕ್ಕಾ." ಅವನ ದನಿ ಕೆಳಗಿಳಿಯಿತು. "ಭಾವನ್ನ ನೋಡಿದ ತಕ್ಷಣ, 'ಅಪ್ಪಾ, ಅಮ್ಮನಿಗೆ ಇವತ್ತೇ ಹೇಳಿಬಿಡೋಣ' ಅಂದ್ಲು."

"ಏನನ್ನ?"

"ಅವರಿಬ್ಬರೂ ನಿನ್ನಿಂದ ಏನು ಮುಚ್ಚಿಟ್ಟಿದ್ರೋ ನನಗೆ ಗೊತ್ತಿಲ್ಲ. ದೇವರಾಣೆಗೂ ಗೊತ್ತಿಲ್ಲ. ಭಾವ ನನ್ನ ಕಡೆ ತಿರುಗಿ, 'ಆಂಬುಲೆನ್ಸಿಗೆ ಹೇಳಿದ್ದೀನಿ, ದಾರೀಲಿದೆ, ಇನ್ನು ನೀನು ಹೊರಡು' ಅಂದ್ರು. ಹೊರಟೆ. ನಾನು ಹೊರಡುವಾಗ ಅವರು ಅವಳ ಪಕ್ಕ ಕೂತು ಕೈ ಹಿಡ್ಕೊಂಡಿದ್ರು."

ನಕ್ಷೆಯಮ್ಮ ಮೇಜಿನ ಅಂಚನ್ನು ಹಿಡಿದಳು. ಪೊಲೀಸರ ಕಡತವನ್ನು ಆಕೆ ಬಾಯಿಪಾಠವಾಗುವಷ್ಟು ಸಲ ಓದಿದ್ದಳು. ಆ ದಿನ ಯಾವ ಆಂಬುಲೆನ್ಸಿಗೂ ಗಣಿಯಿಂದಾಗಲಿ ಮನೆಯಿಂದಾಗಲಿ ಕರೆ ಹೋಗಿರಲಿಲ್ಲ. ದೇಹ ಸಿಕ್ಕಿದ್ದು ಮರುದಿನ ಬೆಳಗ್ಗೆ, ಅದನ್ನು ಕಂಡವರು ಕಲ್ಲು ಆಯುವ ಹೆಂಗಸರು.

ಅದಕ್ಕೂ ಮೊದಲು, ಅದೇ ರಾತ್ರಿ ಹನ್ನೊಂದಕ್ಕೆ, ಮಗಳು ಮನೆಗೆ ಬಂದಿಲ್ಲವೆಂದು ದೂರು ಕೊಡಲು ಯಜಮಾನರು ಅಂಗಿ ತೊಟ್ಟು ಠಾಣೆಗೆ ಹೊರಟಿದ್ದರು. ಕತ್ತಲಲ್ಲಿ ಮೆಟ್ಟಿಲು ಕಾಣದೆ, ಠಾಣೆಯವರೆಗೂ ಅವರ ಕೈಯನ್ನು, ಗುಬ್ಬಿಯ ಕೈ ಹಿಡಿದು ಕೂತಿದ್ದ ಆ ಕೈಯನ್ನೇ, ಹಿಡಿದುಕೊಂಡು ನಡೆದವಳು ತಾನೇ.